ಬೀಜಗಣಿತದಲ್ಲಿ ಹಿಂದೆ ಬಿದ್ದ ರಾಜಕುಮಾರಿ: ಒಂದು ಕಾದಂಬರಿಯ ಓದು ಮತ್ತು ನನ್ನ ಒಂಬತ್ತನೇ ತರಗತಿ

ಅಭ್ಯಾಸ ಬೋಧನೆಯ ಎರಡನೇ ವಾರ. ಒಂಬತ್ತನೇ ತರಗತಿ, ಬಹುಪದೋಕ್ತಿಗಳು ಘಟಕ, ನನ್ನ ಏಳನೇ ಪಾಠ. ಕಪ್ಪುಹಲಗೆಯ ಮೇಲೆ ನಿತ್ಯಸಮೀಕರಣ ಬರೆದು ತಿರುಗಿದಾಗ ಕಿಟಕಿ ಬದಿಯ ಮೂರನೇ ಬೆಂಚಿನ ಹುಡುಗಿಯೊಬ್ಬಳು ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಏನನ್ನೋ ಬರೆಯುತ್ತಿದ್ದಳು. ಹತ್ತಿರ ಹೋಗಿ ಪುಸ್ತಕ ಎತ್ತಿಕೊಂಡೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ, ಅದರಲ್ಲಿನ ಒಂದು ಸಾಲನ್ನು ಗಟ್ಟಿಯಾಗಿ ಓದಿಬಿಟ್ಟೆ. ಗೆಳತಿಯೊಬ್ಬಳು ಮಾತು ಬಿಟ್ಟಿರುವ ಬಗ್ಗೆ ಬರೆದುಕೊಂಡಿದ್ದ ಸಾಲು ಅದು. ತರಗತಿ ನಕ್ಕಿತು. ಆ ಗೆಳತಿಯೂ ಅದೇ ತರಗತಿಯಲ್ಲಿ ಕುಳಿತಿದ್ದಳು ಎಂಬುದು ನನಗೆ ತಿಳಿದದ್ದು ಆಮೇಲೆ.

ವೀಕ್ಷಣೆಗೆ ಕುಳಿತಿದ್ದ ನನ್ನ ಸಹಪಾಠಿ ಆ ದಿನದ ವೀಕ್ಷಣಾ ಹಾಳೆಯಲ್ಲಿ ‘ತರಗತಿ ನಿರ್ವಹಣೆ’ ಎಂಬ ಕಾಲಂನ ಮುಂದೆ ‘ಉತ್ತಮ’ ಎಂದು ಗುರುತು ಹಾಕಿದ್ದಳು. ನಿಜ, ಉಳಿದ ಇಪ್ಪತ್ತು ನಿಮಿಷ ಯಾರೂ ಅಲುಗಾಡಲಿಲ್ಲ. ಆ ಹುಡುಗಿ ಮಾತ್ರ ಮುಂದಿನ ನಾಲ್ಕು ದಿನ ತಲೆ ಎತ್ತಲಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿದ್ದಳು, ಉತ್ತರ ಹೇಳುತ್ತಿರಲಿಲ್ಲ.

ಆ ವಾರದ ಕೊನೆಗೆ ಊರಿಗೆ ಹೋದಾಗ, ಪಿಯುಸಿಯಲ್ಲಿದ್ದಾಗ ಓದಿದ್ದ ಒಂದು ಇಂಗ್ಲಿಷ್ ಕಾದಂಬರಿಯನ್ನು ಅಟ್ಟದ ಪೆಟ್ಟಿಗೆಯಿಂದ ಹುಡುಕಿ ತೆಗೆದೆ. ಮೆಗ್ ಕ್ಯಾಬಟ್ ಬರೆದ ‘ದಿ ಪ್ರಿನ್ಸೆಸ್ ಡೈರೀಸ್’. ಮೊದಲ ಸಲ ಓದಿದಾಗ ನನಗೆ ಅದು ರಾಜಕುಮಾರಿಯ ಕಥೆಯಾಗಿತ್ತು. ಈ ಸಲ ಓದಿದಾಗ ಗಣಿತದಲ್ಲಿ ಹಿಂದೆ ಬಿದ್ದ ಒಬ್ಬ ಒಂಬತ್ತನೇ ತರಗತಿ ವಿದ್ಯಾರ್ಥಿನಿಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳಾಗಿ ಕಂಡಿತು. ‘ಬಾಲ್ಯ ಮತ್ತು ಬೆಳವಣಿಗೆ’ ಪತ್ರಿಕೆಗೆ ನಾವೆಲ್ಲರೂ ಒಂದು ವ್ಯಕ್ತಿ ಅಧ್ಯಯನ ಬರೆಯುತ್ತೇವೆ. ಮಗುವಿನ ಹೆಸರು, ತಂದೆಯ ಉದ್ಯೋಗ, ಅಂಕಗಳು, ‘ಸ್ವಭಾವ: ಮೌನಿ’ ಎಂದು ತುಂಬಿ ಕೊಡುತ್ತೇವೆ. ನನ್ನ ಕಡತದಲ್ಲಿ ನಾನು ತುಂಬಿದ್ದೂ ಅಷ್ಟೇ. ಈ ಡೈರಿ ಅದಕ್ಕಿಂತ ಹೆಚ್ಚು ಕಲಿಸಿತು ಎಂದು ಅನಿಸಿದ್ದರಿಂದ ಈ ಲೇಖನ.

ಮಿಯಾ ಯಾರು?

ಕಾದಂಬರಿ ಪ್ರಕಟವಾದದ್ದು 2000ರಲ್ಲಿ. ಕಥೆ ನಡೆಯುವುದು ನ್ಯೂಯಾರ್ಕ್ ನಗರದಲ್ಲಿ. ಮಿಯಾ ಥರ್ಮೊಪೊಲಿಸ್‌ಗೆ 14 ವರ್ಷ. ಆಲ್ಬರ್ಟ್ ಐನ್‌ಸ್ಟೈನ್ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಚಿತ್ರಕಲಾವಿದೆಯಾದ ತಾಯಿಯೊಂದಿಗೆ ಗ್ರೀನಿಚ್ ವಿಲೇಜ್ ಎಂಬ ಬಡಾವಣೆಯಲ್ಲಿ ವಾಸ, ಜೊತೆಗೆ ಫ್ಯಾಟ್ ಲೂಯಿ ಎಂಬ ದಪ್ಪ ಬೆಕ್ಕು. ಎತ್ತರ ಐದು ಅಡಿ ಒಂಬತ್ತು ಅಂಗುಲ. ಈ ಎತ್ತರದ ಬಗ್ಗೆ ಅವಳಿಗೆ ವಿಪರೀತ ಸಂಕೋಚ. ತಂದೆ ಯುರೋಪಿನ ಜೆನೋವಿಯಾ ಎಂಬ ಪುಟ್ಟ ದೇಶದಲ್ಲಿ ರಾಜಕಾರಣಿ ಎಂದಷ್ಟೇ ಅವಳು ನಂಬಿಕೊಂಡಿದ್ದಾಳೆ. (ಜೆನೋವಿಯಾ ಲೇಖಕಿಯ ಕಲ್ಪನೆಯ ದೇಶ. ಪಿಯುಸಿಯಲ್ಲಿದ್ದಾಗ ನಾನು ಅದನ್ನು ಅಟ್ಲಾಸಿನಲ್ಲಿ ಮೊನಾಕೊ ಪಕ್ಕದಲ್ಲಿ ಹುಡುಕಿದ್ದೇನೆ.) ನಿಜದಲ್ಲಿ ಅವರು ಆ ದೇಶದ ರಾಜಕುಮಾರ. ಕ್ಯಾನ್ಸರ್ ಚಿಕಿತ್ಸೆಯ ನಂತರ ಅವರಿಗೆ ಇನ್ನು ಮಕ್ಕಳಾಗುವಂತಿಲ್ಲ ಎಂದು ತಿಳಿದಾಗ ಮಿಯಾಳೇ ಉತ್ತರಾಧಿಕಾರಿ ಎಂಬ ಸತ್ಯ ಹೊರಬೀಳುತ್ತದೆ. ಸಾಮಾನ್ಯ ಹುಡುಗಿಯಾಗಿ ಬೆಳೆದವಳಿಗೆ ಪ್ಲಾಜಾ ಹೋಟೆಲಿನಲ್ಲಿ ಕೂರಿಸಿ ತಂದೆ ಈ ವಿಷಯ ಹೇಳುತ್ತಾರೆ.

ನಮ್ಮ ಕಥೆಗಳಲ್ಲಿ ರಾಜಕುಮಾರಿಯಾಗುವುದು ಎಂದರೆ ಕಷ್ಟ ಮುಗಿಯುವುದು. ಇಲ್ಲಿ ಹಾಗಿಲ್ಲ, ಅವಳಿಗಿದ್ದ ಕಷ್ಟಗಳ ಪಟ್ಟಿಗೆ ಇನ್ನೊಂದು ಸೇರುತ್ತದೆ ಅಷ್ಟೇ. ಮೊದಲಿನ ಕಷ್ಟಗಳು ಯಾವುವು? ಅವಳು ಬೀಜಗಣಿತದಲ್ಲಿ ಅನುತ್ತೀರ್ಣಳಾಗುವ ಸ್ಥಿತಿಯಲ್ಲಿದ್ದಾಳೆ. ಅದೇ ಸಮಯಕ್ಕೆ ಅವಳ ತಾಯಿ ಅವಳ ಬೀಜಗಣಿತದ ಶಿಕ್ಷಕರಾದ ಜಿಯಾನಿನಿ ಅವರೊಂದಿಗೆ ಸ್ನೇಹ ಬೆಳೆಸಿದ್ದಾರೆ. ‘ನಿನಗೆ ಬೇಸರವಿಲ್ಲ ತಾನೇ?’ ಎಂದು ತಾಯಿ ಕೇಳಿದರೆ ಮಗಳು ‘ಇಲ್ಲ’ ಎನ್ನುತ್ತಾಳೆ, ಒಳಗೆ ಕುದಿಯುತ್ತಾಳೆ. ಮಗಳಿಗೆ ಮನಸ್ಸಿನ ಮಾತು ಹೊರಗೆ ಹಾಕಲು ಬರುತ್ತಿಲ್ಲ ಎಂದು ತಾಯಿಯೇ ಒಂದು ಖಾಲಿ ಪುಸ್ತಕ ಕೊಡುತ್ತಾರೆ. ಡೈರಿ ಹುಟ್ಟುವುದು ಹಾಗೆ.

ಲೇಖಕಿಗೆ ಇದರ ಪ್ರೇರಣೆ ಬಂದದ್ದು ಸ್ವಂತ ಜೀವನದಿಂದ. ತಂದೆ ತೀರಿಕೊಂಡ ನಂತರ ತಾಯಿ ತನ್ನ ಶಿಕ್ಷಕರೊಬ್ಬರ ಜೊತೆ ಓಡಾಡತೊಡಗಿದಾಗ ಆದ ಮುಜುಗರವೇ ಈ ಕಥೆಯ ಬೀಜ ಎಂದು ಅವರು ಹೇಳಿಕೊಂಡಿದ್ದಾರೆ. ರಾಜಕುಮಾರಿಯ ವಿಷಯ ಆಮೇಲೆ ಸೇರಿದ್ದು ಎಂದು ಓದುವಾಗಲೇ ಅನಿಸುತ್ತದೆ. ಶಾಲೆ, ಮನೆ, ಗಣಿತ ಈ ಮೂರರ ಗಂಟು ಅಷ್ಟು ಗಟ್ಟಿಯಾಗಿದೆ.

ಒಂದೇ ಪುಸ್ತಕದಲ್ಲಿ ಎಲ್ಲವೂ

ಗಣಿತ ಪ್ರಶಿಕ್ಷಣಾರ್ಥಿಯಾಗಿ ನನ್ನನ್ನು ಮೊದಲು ತಡೆದು ನಿಲ್ಲಿಸಿದ್ದು ಡೈರಿಯ ರೂಪ. ಅದರಲ್ಲಿ ಗೆಳತಿಯ ಮೇಲಿನ ಸಿಟ್ಟು, ಅಜ್ಜಿಯ ಬಗ್ಗೆ ಗೊಣಗಾಟ, ಅಂದಿನ ಮನೆಗೆಲಸದ ಪಟ್ಟಿ, ಬೀಜಗಣಿತ ತರಗತಿಯ ಟಿಪ್ಪಣಿ ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. ಪಾಠ ನಡೆಯುತ್ತಿರುವಾಗಲೇ ಅವಳು ಬರೆಯುತ್ತಾಳೆ. ಒಂದು ಸಾಲು ಸಮೀಕರಣ, ಮುಂದಿನ ಸಾಲು ತಾಯಿಯ ಚಿಂತೆ. ಶಿಕ್ಷಕರ ಕಡೆಯಿಂದ ನೋಡಿದರೆ ಇದು ‘ಅವಧಾನದ ಕೊರತೆ’. ಮಿಯಾಳ ಕಡೆಯಿಂದ ನೋಡಿದರೆ ಬೇರೆ ಮಾತು. ಅವಳಿಗೆ ಗಣಿತದ ಶಿಕ್ಷಕರ ಮುಖ ನೋಡಿದ ತಕ್ಷಣ ಮನೆ ನೆನಪಾಗುತ್ತದೆ. ಒಂದು ಬೆಳಿಗ್ಗೆ ಅದೇ ಶಿಕ್ಷಕರು ತನ್ನ ಮನೆಯ ಅಡುಗೆಮನೆಯಲ್ಲೇ ಕುಳಿತಿರುವುದನ್ನು ಅವಳು ಕಾಣುತ್ತಾಳೆ. ಅಂಥ ಮಗು ಹಲಗೆಯ ಮೇಲಿನ ‘ಎಕ್ಸ್’ ಅನ್ನು ಮಾತ್ರ ನೋಡಬೇಕು ಎಂದರೆ ಹೇಗೆ?

ಅವಳಿಗೆ ಬೀಜಗಣಿತ ಬರದಿರುವುದಕ್ಕೆ ಮನೆಯ ಸಮಸ್ಯೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಕಾದಂಬರಿಯೂ ಹಾಗೆ ಹೇಳುವುದಿಲ್ಲ. ತಾಯಿಯ ವಿಷಯ ತಿಳಿಯುವ ಮೊದಲೇ ಅವಳು ಹಿಂದಿದ್ದಳು. ‘ಮನೆಯ ವಾತಾವರಣ ಸರಿಯಿಲ್ಲ’ ಎಂದು ವ್ಯಕ್ತಿ ಅಧ್ಯಯನದಲ್ಲಿ ಬರೆದು ನಾವು ಕೈತೊಳೆದುಕೊಳ್ಳುವುದುಂಟು; ಅದೂ ಒಂದು ಸೋಮಾರಿತನ. ಗಣಿತ ಬರದ ಮಗುವಿಗೆ ಬೇಕಾದದ್ದು ಕೊನೆಗೂ ಗಣಿತವೇ. ಅದನ್ನು ಯಾರು, ಎಲ್ಲಿ, ಎಷ್ಟು ದಿನ ಕೊಡುತ್ತಾರೆ ಎಂಬುದು ಪ್ರಶ್ನೆ.

ನೋಡುವ ಕಣ್ಣುಗಳು

ಡೇವಿಡ್ ಎಲ್ಕೈಂಡ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಹದಿಹರೆಯದವರ ಸ್ವಕೇಂದ್ರಿತತೆಯ ಬಗ್ಗೆ ಬರೆದ ಲೇಖನದಲ್ಲಿ ‘ಕಾಲ್ಪನಿಕ ಪ್ರೇಕ್ಷಕರು’ ಎಂಬ ಪರಿಕಲ್ಪನೆ ಕೊಟ್ಟರು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ, ತನ್ನ ಮೊಡವೆಯನ್ನೇ, ತನ್ನ ನಡಿಗೆಯನ್ನೇ ಗಮನಿಸುತ್ತಿದ್ದಾರೆ ಎಂದು ಈ ವಯಸ್ಸಿನ ಮಗು ಭಾವಿಸುತ್ತದೆ. ಪರೀಕ್ಷೆಗೆ ನಾವು ಇದನ್ನು ಐದು ಅಂಕಕ್ಕೆ ಬರೆಯುತ್ತೇವೆ. ಮಿಯಾ ಇದಕ್ಕೆ ಒಳ್ಳೆಯ ಉದಾಹರಣೆ. ತನ್ನ ಎತ್ತರ, ಕೂದಲು, ಪಾದಗಳ ಅಳತೆ ಇವೇ ಪುಟಗಟ್ಟಲೆ. ನಂತರ ಪತ್ರಿಕೆಗೆ ಸುದ್ದಿ ಸಿಕ್ಕಿ, ಶಾಲೆಯ ಮುಂದೆ ಛಾಯಾಗ್ರಾಹಕರು ನೆರೆಯುತ್ತಾರೆ. ಕಾಲ್ಪನಿಕ ಪ್ರೇಕ್ಷಕರು ನಿಜವಾದ ಪ್ರೇಕ್ಷಕರಾಗುತ್ತಾರೆ. ಹೋದಲ್ಲೆಲ್ಲ ಅಂಗರಕ್ಷಕನೂ ಇರುತ್ತಾನೆ, ತರಗತಿಯೊಳಗೂ. (ಶಾಲೆಯ ಪ್ರಾಂಶುಪಾಲರ ಹೆಸರು ಗುಪ್ತಾ ಎಂಬುದನ್ನು ನೋಡಿ ನಮ್ಮ ಹಾಸ್ಟೆಲಿನಲ್ಲಿ ಒಂದು ಸಂಜೆ ನಗು ನಡೆಯಿತು.)

ನನ್ನ ತರಗತಿಯ ಹುಡುಗಿಗೆ ನಾನು ಮಾಡಿದ್ದೂ ಇದನ್ನೇ ಎಂದು ಈ ಭಾಗ ಓದುವಾಗ ಹೊಳೆಯಿತು. ಅವಳಿಗೆ ಮೊದಲೇ ಇದ್ದಿರಬಹುದಾದ ಕಾಲ್ಪನಿಕ ಪ್ರೇಕ್ಷಕರನ್ನು ಒಂದೇ ನಿಮಿಷದಲ್ಲಿ ನಿಜ ಮಾಡಿಕೊಟ್ಟವಳು ನಾನು.

ಗೆಳೆತನದ ಲೆಕ್ಕ

ಮಿಯಾಳ ಆಪ್ತ ಗೆಳತಿ ಲಿಲ್ಲಿ ಮಾಸ್ಕೊವಿಟ್ಜ್. ಬಹಳ ಬುದ್ಧಿವಂತೆ, ಮಾತುಗಾತಿ, ಕೇಬಲ್ ಟಿವಿಯಲ್ಲಿ ಸ್ವಂತ ಕಾರ್ಯಕ್ರಮ ನಡೆಸುವವಳು. ಏಷ್ಯಾ ಮೂಲದ ವಿದ್ಯಾರ್ಥಿಗಳಿಗೆ ಮಾತ್ರ ರಿಯಾಯಿತಿ ಕೊಡುವ ಅಂಗಡಿಯೊಂದರ ವಿರುದ್ಧ ಬಹಿಷ್ಕಾರ ಹೂಡುವಷ್ಟು ಹೋರಾಟದ ಹುಮ್ಮಸ್ಸು ಅವಳಿಗೆ. ಇಂಥ ಗೆಳತಿಗೂ ಮಿಯಾ ತನ್ನ ಗುಟ್ಟು ಹೇಳಿರುವುದಿಲ್ಲ. ಅಜ್ಜಿ ಅವಳ ಕೂದಲು ಕತ್ತರಿಸಿ ಬಣ್ಣ ಹಾಕಿಸಿ, ಕೃತಕ ಉಗುರು ಅಂಟಿಸಿ ಕಳುಹಿಸಿದ ದಿನ ಲಿಲ್ಲಿ ಸಿಡಿಯುತ್ತಾಳೆ. ಮಿಯಾಳೂ ತಿರುಗಿ ಬೀಳುತ್ತಾಳೆ. ಮಾತು ನಿಂತುಹೋಗುತ್ತದೆ.

ಮಾತು ನಿಂತ ಮೇಲೆ ಎದುರಾಗುವ ಮೊದಲ ಸಮಸ್ಯೆ ಯಾವುದು ಗೊತ್ತೇ? ಊಟಕ್ಕೆ ಎಲ್ಲಿ ಕೂರುವುದು ಎಂಬುದು. ದೊಡ್ಡವರಿಗೆ ಇದು ಸಮಸ್ಯೆಯೇ ಅಲ್ಲ. ಮಿಯಾ ಟ್ರೇ ಹಿಡಿದು ಟೀನಾ ಹಕೀಂ ಬಾಬಾ ಎಂಬ ಹುಡುಗಿಯ ಬಳಿ ಹೋಗಿ ಕೂರುತ್ತಾಳೆ. ಟೀನಾಳ ತಂದೆ ಶ್ರೀಮಂತ ಅರಬ್ ಶೇಖ್. ಅಪಹರಣದ ಭಯದಿಂದ ಮಗಳ ಹಿಂದೆ ಸದಾ ಅಂಗರಕ್ಷಕನನ್ನು ಇಟ್ಟಿದ್ದಾರೆ, ಹಾಗಾಗಿ ಅವಳ ಜೊತೆ ಯಾರೂ ಕೂರುತ್ತಿರಲಿಲ್ಲ. ಮಿಯಾಳೂ ಅಲ್ಲಿಯವರೆಗೆ ಕೂತಿರಲಿಲ್ಲ. ತಾನು ಒಂಟಿಯಾದಾಗಲೇ ಅವಳಿಗೆ ಇನ್ನೊಬ್ಬಳ ಒಂಟಿತನ ಕಾಣುವುದು. ಈ ಭಾಗವನ್ನು ನಾನು ಎರಡು ಸಲ ಓದಿದೆ. ಸೋಮವಾರ ಮಧ್ಯಾಹ್ನದ ಬಿಸಿಯೂಟದ ಹೊತ್ತಿನಲ್ಲಿ ನಮ್ಮ ಶಾಲೆಯ ಜಗಲಿಯ ಮೇಲೆ ನನ್ನ ವಿದ್ಯಾರ್ಥಿನಿ ಎಲ್ಲಿ ಕೂತಿದ್ದಾಳೆ ಎಂದು ಮೊದಲ ಬಾರಿಗೆ ನೋಡಿದೆ. ತಟ್ಟೆ ಹಿಡಿದು ಏಳನೇ ತರಗತಿಯ ಸಣ್ಣ ಮಕ್ಕಳ ಸಾಲಿನ ತುದಿಯಲ್ಲಿ ಕೂತಿದ್ದಳು. ಎರಡು ವಾರದಿಂದ ಅದೇ ಜಗಲಿಯಲ್ಲಿ ನನಗೆ ಊಟದ ಮೇಲ್ವಿಚಾರಣೆಯ ಕೆಲಸವಿತ್ತು.

ಪ್ರೇಮದ ವಿಷಯ

ಇದನ್ನು ಬಿಟ್ಟು ಬರೆಯಬಹುದಿತ್ತು. ಆದರೆ ಹದಿಹರೆಯದ ಬಗ್ಗೆ ಬರೆಯುವಾಗ ಬಿಡುವುದು ಅಪ್ರಾಮಾಣಿಕ. ಮಿಯಾಗೆ ಶಾಲೆಯ ಸುಂದರ ಹುಡುಗ ಜಾಶ್ ರಿಕ್ಟರ್ ಮೇಲೆ ಆಸೆ. ಅವನು ಅವಳ ಕಡೆ ತಿರುಗಿಯೂ ನೋಡಿದವನಲ್ಲ. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಅವನೇ ಶಾಲೆಯ ನೃತ್ಯ ಸಮಾರಂಭಕ್ಕೆ ಕರೆಯುತ್ತಾನೆ. ಅಲ್ಲಿ ಕ್ಯಾಮೆರಾಗಳ ಮುಂದೆ ಅವಳಿಗೆ ಮುತ್ತಿಡುತ್ತಾನೆ. ಅವನಿಗೆ ಬೇಕಿದ್ದದ್ದು ಚಿತ್ರ, ತಾನಲ್ಲ ಎಂದು ಅವಳಿಗೆ ಆಗ ಅರ್ಥವಾಗುತ್ತದೆ. ಅವನನ್ನು ಬಿಟ್ಟು ತನ್ನ ಗೆಳೆಯರಿರುವ ಕಡೆಗೆ ಬರುತ್ತಾಳೆ. ಅಲ್ಲಿ ಲಿಲ್ಲಿಯ ಅಣ್ಣ ಮೈಕೆಲ್ ಇರುತ್ತಾನೆ.

ಈ ಮೈಕೆಲ್ ಯಾರೆಂದರೆ, ಕಥೆಯುದ್ದಕ್ಕೂ ಅವಳಿಗೆ ಬೀಜಗಣಿತ ಹೇಳಿಕೊಟ್ಟವನು. ‘ಪ್ರತಿಭಾವಂತರ ತರಗತಿ’ ಎಂಬ ಅವಧಿಯಲ್ಲಿ ಮಿಯಾಳನ್ನೂ ಕೂರಿಸಿರುತ್ತಾರೆ. ಅಲ್ಲಿನ ಶಿಕ್ಷಕಿ ಹೆಚ್ಚು ಹೊತ್ತು ಸ್ಟಾಫ್ ರೂಮಿನಲ್ಲೇ ಇರುತ್ತಾರೆ. (ಪಿಟೀಲು ನುಡಿಸುವ ಸಹಪಾಠಿಯ ಸದ್ದು ತಡೆಯಲಾರದೆ ಮಕ್ಕಳು ಅವನನ್ನು ಸಾಮಾನಿನ ಕೋಣೆಯೊಳಗೆ ಕೂಡಿಹಾಕುತ್ತಾರೆ. ಮೇಲ್ವಿಚಾರಣೆ ಇಲ್ಲದ ಅವಧಿ ಎಲ್ಲ ದೇಶದಲ್ಲೂ ಒಂದೇ.) ಆ ಅವಧಿಯಲ್ಲಿ ಹನ್ನೆರಡನೇ ತರಗತಿಯ ಮೈಕೆಲ್ ಪಕ್ಕದಲ್ಲಿ ಕೂತು ಲೆಕ್ಕ ಮಾಡಿಸುತ್ತಾನೆ. ವೈಗೋಟ್‌ಸ್ಕಿಯ ‘ಸಮೀಪಸ್ಥ ವಿಕಾಸ ವಲಯ’, ‘ತನಗಿಂತ ಹೆಚ್ಚು ಬಲ್ಲ ಸಹವರ್ತಿ’ ಎಂದು ನಾವು ಪ್ರತಿ ಪಾಠ ಯೋಜನೆಯಲ್ಲೂ ಬರೆಯುವ ಮಾತಿಗೆ ಇಷ್ಟು ಸ್ಪಷ್ಟವಾದ ಚಿತ್ರ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಅವನ ಪ್ರೀತಿ ಡೈರಿ ಬರೆಯುವವಳಿಗೆ ಕಾಣುವುದಕ್ಕಿಂತ ಬಹಳ ಮೊದಲೇ ಓದುವವರಿಗೆ ಕಾಣುತ್ತದೆ. ಮಿಯಾ ಎಲ್ಲವನ್ನೂ ಬರೆದುಕೊಳ್ಳುತ್ತಾಳೆ. ಬರೆದದ್ದರ ಅರ್ಥ ಅವಳಿಗೇ ತಡವಾಗಿ ಆಗುತ್ತದೆ.

ಇಬ್ಬರು ಬೋಧಕರು

ಮಿಯಾಳಿಗೆ ಶಾಲೆ ಬಿಟ್ಟ ಮೇಲೆ ದಿನವೂ ಎರಡು ಪಾಠ. ಮೊದಲನೆಯದು ಜಿಯಾನಿನಿಯವರ ಪರಿಹಾರ ಬೋಧನೆ. ಎರಡನೆಯದು ಅಜ್ಜಿ ಕ್ಲಾರಿಸ್ ನಡೆಸುವ ರಾಜಕುಮಾರಿ ಪಾಠ. ಹೈಸ್ಕೂಲು ಮುಗಿಯುವವರೆಗೆ ನ್ಯೂಯಾರ್ಕಿನಲ್ಲೇ ಇರಬಹುದು, ಆದರೆ ದಿನವೂ ಅಜ್ಜಿಯಿಂದ ಕಲಿಯಬೇಕು ಎಂಬುದು ಒಪ್ಪಂದ. ಪ್ರತಿದಿನ ಅವಳ ಹೆಸರಿನಲ್ಲಿ ಗ್ರೀನ್‌ಪೀಸ್ ಸಂಸ್ಥೆಗೆ 100 ಡಾಲರ್ ದೇಣಿಗೆ ಕೊಡುತ್ತೇನೆಂದು ತಂದೆ ಒಪ್ಪಿದ ಮೇಲೆ ಸಸ್ಯಾಹಾರಿಯೂ ಪ್ರಾಣಿಪ್ರಿಯಳೂ ಆದ ಮಿಯಾ ಒಪ್ಪುತ್ತಾಳೆ. ಪ್ರೇರಣೆಗೆ ಬಾಹ್ಯ, ಆಂತರಿಕ ಎಂದು ಎರಡು ಬಗೆ ಹೇಳುತ್ತೇವೆ; ಇದು ಯಾವ ಬಗೆ ಎಂದು ನಾನು ಇನ್ನೂ ನಿರ್ಧರಿಸಿಲ್ಲ.

ಅಜ್ಜಿಯ ಪಾಠದಲ್ಲಿ ಕೂರುವುದು, ನಡೆಯುವುದು, ಊಟದ ಮೇಜಿನ ಶಿಸ್ತು ಎಲ್ಲ ಇದೆ. ಪ್ರಾತ್ಯಕ್ಷಿಕೆ ಇದೆ, ಪುನರಾವರ್ತನೆ ಇದೆ. ಪ್ರಶಂಸೆ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಓದುತ್ತಾ ನನಗೆ ನಮ್ಮ ಸೂಕ್ಷ್ಮ ಬೋಧನೆಯ ಮೊದಲ ವಾರ ನೆನಪಾಯಿತು. ಸೀರೆಯ ಸೆರಗಿಗೆ ಪಿನ್, ಸೀಮೆಸುಣ್ಣ ಹಿಡಿಯುವ ಕೋನ, ಹಲಗೆಗೆ ಬೆನ್ನು ತಿರುಗಿಸಬಾರದು, ಧ್ವನಿಯ ಏರಿಳಿತ. ಆರು ನಿಮಿಷಕ್ಕೆ ಹನ್ನೆರಡು ತಪ್ಪು. ಅಜ್ಜಿಯನ್ನು ಖಳನಾಯಕಿ ಎನ್ನಲು ನನಗೆ ಮನಸ್ಸಿಲ್ಲ. ಅವಳು ಒಂದು ದಿನವೂ ಪಾಠ ತಪ್ಪಿಸುವುದಿಲ್ಲ, ‘ಇವಳಿಂದ ಆಗದು’ ಎಂದು ಕೈಬಿಡುವುದಿಲ್ಲ. ಅವಳ ತಪ್ಪು ಬೇರೆ ಕಡೆ ಇದೆ: ಮಗುವನ್ನು ಕೇಳದೆ ಅವಳ ಮುಖವನ್ನೇ ಬದಲಾಯಿಸುತ್ತಾಳೆ, ಆ ಬದಲಾದ ಮುಖ ಹೊತ್ತು ಶಾಲೆಗೆ ಹೋಗುವ ಮಗುವಿಗೆ ಅಲ್ಲಿ ಏನಾಗುತ್ತದೆ ಎಂದು ಯೋಚಿಸುವುದಿಲ್ಲ.

ಜಿಯಾನಿನಿ ಅವರ ಬಗ್ಗೆ ಕಾದಂಬರಿಯಲ್ಲಿ ದೊಡ್ಡ ಸನ್ನಿವೇಶಗಳಿಲ್ಲ. ಅದೇ ನನಗೆ ಹಿಡಿಸಿತು. ತಾಯಿಯ ಸ್ನೇಹಿತ ಎಂಬ ಸಲುಗೆಯಿಂದ ಅವಳ ಅಂಕ ಏರಿಸುವುದಿಲ್ಲ, ಮುಜುಗರವಾಗುತ್ತದೆಂದು ಅವಳಿಂದ ದೂರವೂ ಸರಿಯುವುದಿಲ್ಲ. ಶಾಲೆ ಬಿಟ್ಟ ಮೇಲೆ ಇರುತ್ತಾರೆ, ಬಂದರೆ ಹೇಳಿಕೊಡುತ್ತಾರೆ, ನಾಳೆಯೂ ಇರುತ್ತಾರೆ. ಅವಳು ಡೈರಿಯಲ್ಲಿ ಅವರ ಬಗ್ಗೆ ಏನೇನೋ ಬರೆದುಕೊಂಡರೂ ಅವರು ಅದನ್ನು ಓದುವುದಿಲ್ಲ.

ಒಂದು ಮಾತು ಚಲನಚಿತ್ರದ ಬಗ್ಗೆ, ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ನೋಡಿರುವುದು ಅದನ್ನೇ. 2001ರ ಆ ಚಿತ್ರವನ್ನು ಗ್ಯಾರಿ ಮಾರ್ಷಲ್ ನಿರ್ದೇಶಿಸಿದ್ದಾರೆ. ಮಿಯಾ ಆಗಿ ಆನ್ ಹ್ಯಾಥವೇ, ಅಜ್ಜಿಯಾಗಿ ಜೂಲಿ ಆಂಡ್ರ್ಯೂಸ್. ಊರು ಸ್ಯಾನ್ ಫ್ರಾನ್ಸಿಸ್ಕೊಗೆ ಬದಲಾಗಿದೆ, ತಂದೆ ತೀರಿಕೊಂಡಿದ್ದಾರೆ, ಅಜ್ಜಿ ಮೃದುವಾಗಿದ್ದಾಳೆ. ತಾಯಿಯ ಸ್ನೇಹಿತರಾದ ಶಿಕ್ಷಕರು ಅಲ್ಲಿ ಚರ್ಚಾಸ್ಪರ್ಧೆಯ ಶಿಕ್ಷಕರು! ಬೀಜಗಣಿತದ ಜಾಗಕ್ಕೆ ವೇದಿಕೆಯ ಭಯ ಬಂದು ಕೂತಿದೆ. ಸಿನಿಮಾಕ್ಕೆ ಅದು ಅನುಕೂಲವೇ, ಭಾಷಣ ಮಾಡಿ ಗೆಲ್ಲುವುದನ್ನು ತೋರಿಸಬಹುದು. ಲೆಕ್ಕ ಮಾಡುವುದನ್ನು ಎಷ್ಟು ಹೊತ್ತು ತೋರಿಸುತ್ತೀರಿ? ಆದರೆ ಕನ್ನಡಕ ತೆಗೆದು ಗುಂಗುರು ಕೂದಲು ನೇರ ಮಾಡಿದ ಕೂಡಲೇ ಹುಡುಗಿ ಸುಂದರಿಯಾದಳು ಎಂಬ ಆ ಪ್ರಸಿದ್ಧ ದೃಶ್ಯವನ್ನು ಮಾತ್ರ ನಾನು ತರಗತಿಯಲ್ಲಿ ತೋರಿಸಲಾರೆ. ನನ್ನ ತರಗತಿಯಲ್ಲಿ ಐದು ಜನ ಕನ್ನಡಕದವರಿದ್ದರು. ಬೋಧಿಸುವವಳೂ ಕನ್ನಡಕದವಳೇ.

ತರಗತಿಯಲ್ಲಿ ಏನು ಮಾಡಿದೆ

ಮೊದಲು ಕ್ಷಮೆಯ ವಿಷಯ. ಹುಡುಗಿಯನ್ನು ಒಬ್ಬಳನ್ನೇ ಕರೆದು ಹೇಳುವುದೆಂದು ಯೋಚಿಸಿದ್ದೆ. ಆ ಶಾಲೆಯ ಹಿರಿಯ ಗಣಿತ ಶಿಕ್ಷಕಿಯೊಬ್ಬರ ಸಲಹೆ ಕೇಳಿದೆ. ಎಲ್ಲರ ಮುಂದೆ ಮಾಡಿದ ತಪ್ಪಿಗೆ ಎಲ್ಲರ ಮುಂದೆಯೇ ಹೇಳು, ಆದರೆ ಅವಳ ಕಡೆ ನೋಡಬೇಡ, ಅವಳ ಹೆಸರೂ ತೆಗೆಯಬೇಡ ಎಂದರು. ಹಾಗೆಯೇ ಮಾಡಿದೆ. ಕಳೆದ ವಾರ ಇನ್ನೊಬ್ಬರು ಬರೆದದ್ದನ್ನು ನಾನು ಕೇಳದೆ ಓದಿದೆ, ಅದು ತಪ್ಪು, ಇನ್ನು ಮುಂದೆ ನಿಮ್ಮ ಪುಸ್ತಕದ ಹಿಂದಿನ ಹಾಳೆಗಳನ್ನು ನಾನು ತೆರೆಯುವುದಿಲ್ಲ ಎಂದೆ. ಅರ್ಧ ನಿಮಿಷವೂ ಹಿಡಿಯಲಿಲ್ಲ. ಏನೂ ಬದಲಾಗಲಿಲ್ಲ. ಹುಡುಗಿ ಕಿಟಕಿಯಾಚೆ ನೋಡುತ್ತಿದ್ದಳು.

ಅಂದಿನ ಪಾಠದ ವಿಷಯ ಎರಡು ಪದಗಳ ಮೊತ್ತದ ವರ್ಗ. ಪೀಠಿಕೆಯಾಗಿ ಮಿಯಾಳ ಕಥೆಯನ್ನು ಹೇಳಿದೆ: ದೂರದ ಊರಿನಲ್ಲಿ ನಿಮ್ಮದೇ ವಯಸ್ಸಿನ ಒಬ್ಬಳು, ಗಣಿತದಲ್ಲಿ ಹಿಂದೆ, ಒಂದು ದಿನ ತಾನು ರಾಜಕುಮಾರಿ ಎಂದು ತಿಳಿಯುತ್ತದೆ. ‘ಹಾಗಾದರೆ ಇನ್ನು ಗಣಿತ ಯಾಕೆ ಮಿಸ್?’ ಎಂದ ಹಿಂದಿನ ಬೆಂಚಿನ ಹುಡುಗ. ತರಗತಿಯೇ ಅದಕ್ಕೆ ಉತ್ತರ ಹುಡುಕಿತು. ರಾಜ್ಯದ ಲೆಕ್ಕ ನೋಡಲು ಎಂದರು ಕೆಲವರು. ‘ಮಂತ್ರಿ ಮೋಸ ಮಾಡಬಾರದಲ್ಲ’ ಎಂದಳು ಒಬ್ಬಳು. ಜಾಶ್‌ನ ಪ್ರಸಂಗದಲ್ಲಿ ಮುತ್ತಿನ ಮಾತು ಬಿಟ್ಟು, ಫೋಟೋಕ್ಕಾಗಿ ಸ್ನೇಹ ಮಾಡಿದ ಎಂದಷ್ಟೇ ಹೇಳಿದೆ. ‘ಪೇಪರಿನಲ್ಲಿ ಬರುವ ಮೊದಲು ಎಲ್ಲಿದ್ದನಂತೆ ಅವನು?’ ಎಂಬ ಪ್ರಶ್ನೆ ಹುಡುಗರ ಕಡೆಯಿಂದಲೇ ಬಂತು.

ಆಮೇಲೆ ಕೇಳಿದೆ: (4 + 3)² ಎಷ್ಟು? ಮುಕ್ಕಾಲು ತರಗತಿ 25 ಎಂದಿತು. ನಾಲ್ಕರ ವರ್ಗ 16, ಮೂರರ ವರ್ಗ 9, ಕೂಡಿದರೆ 25. ಕೆಲವರು 4 + 3 ಮೊದಲು ಕೂಡಿ 49 ಎಂದರು. ಎರಡೂ ಸರಿಯಾಗಿರಲು ಸಾಧ್ಯವಿಲ್ಲ. ಚೌಕದ ಹಾಳೆಯಲ್ಲಿ 7 ಚೌಕ ಉದ್ದ, 7 ಚೌಕ ಅಗಲದ ತುಂಡನ್ನು ಪ್ರತಿ ಜೋಡಿಯೂ ಕತ್ತರಿಸಿತು. ಅಂಚುಗಳನ್ನು 4 ಮತ್ತು 3 ಎಂದು ಭಾಗ ಮಾಡಿ ಗೆರೆ ಎಳೆದಾಗ ನಾಲ್ಕು ತುಂಡು ಬಂದವು: 16 ಚೌಕಗಳ ದೊಡ್ಡ ವರ್ಗ, 9ರ ಸಣ್ಣ ವರ್ಗ, ಮತ್ತೆ 12 ಚೌಕಗಳ ಎರಡು ಆಯತ. 49ರಿಂದ 25 ಕಳೆದರೆ 24. ಆ 24 ಈ ಎರಡು ಆಯತಗಳಲ್ಲಿದೆ. ‘ನಾವು ಇವೆರಡನ್ನು ಬಿಟ್ಟೇಬಿಟ್ಟಿದ್ವಿ’ ಎಂದು ಮುಂದಿನ ಬೆಂಚಿನವಳು ಕೂಗಿದಳು. ಅಲ್ಲಿಂದ (ಎ + ಬಿ)² = ಎ² + 2ಎಬಿ + ಬಿ² ಬರೆಯಲು ಕಷ್ಟವಾಗಲಿಲ್ಲ. 2ಎಬಿ ಎಂಬ ಪದಕ್ಕೆ ಮಕ್ಕಳು ‘ಬಿಟ್ಟುಹೋದವು’ ಎಂದು ಹೆಸರಿಟ್ಟರು. ಮಧ್ಯದ ಪದ ಮರೆತವರಿಗೆ ಪಕ್ಕದವರು ‘ಬಿಟ್ಟುಹೋದವು ಎಲ್ಲಿ?’ ಎಂದು ಕೇಳುತ್ತಿದ್ದರು.

ಮನೆಗೆಲಸದ ಜೊತೆಗೆ ಒಂದು ಸಣ್ಣ ಕೆಲಸ ಕೊಟ್ಟೆ. ಪ್ರತಿದಿನ ಲೆಕ್ಕದ ಕೆಳಗೆ ಒಂದೇ ಒಂದು ಸಾಲು: ಇವತ್ತು ಎಲ್ಲಿ ಸಿಕ್ಕಿಕೊಂಡೆ. ಮಿಯಾಳ ಡೈರಿಯಿಂದ ಎರವಲು ಪಡೆದದ್ದು ಇಷ್ಟೇ. ಮುಂದಿನ ಹಾಳೆಯ ಈ ಸಾಲನ್ನು ನಾನು ಓದುತ್ತೇನೆ, ಹಿಂದಿನ ಹಾಳೆ ನಿಮ್ಮದು ಎಂದೆ. ಮೊದಲ ಮೂರು ದಿನ ಬಹುತೇಕ ಎಲ್ಲರೂ ‘ಎಲ್ಲಾ ಅರ್ಥವಾಯಿತು’ ಎಂದು ಬರೆದರು. ನಾಲ್ಕನೇ ದಿನ ನಾನೇ ಹಲಗೆಯ ಮೂಲೆಯಲ್ಲಿ, ನಿನ್ನೆ ಋಣ ಚಿಹ್ನೆಯ ಲೆಕ್ಕದಲ್ಲಿ ನಾನೇ ತಪ್ಪಿದೆ ಎಂದು ಬರೆದೆ (ನಿಜವಾಗಿ ತಪ್ಪಿದ್ದೆ, ಮೂವರು ತಿದ್ದಿದ್ದರು). ಆಮೇಲೆ ಸಾಲುಗಳು ಬರತೊಡಗಿದವು. ‘ಕಂಸದ ಹೊರಗೆ ಮೈನಸ್ ಇದ್ದರೆ ಭಯ.’ ‘ಎಕ್ಸ್ ಯಾಕೆ ಬೇಕು ಗೊತ್ತಿಲ್ಲ.’ ‘ತಮ್ಮನಿಗೆ ಜ್ವರ, ಲೆಕ್ಕ ಮಾಡಿಲ್ಲ.’ ಕೊನೆಯದು ಗಣಿತದ ತೊಡಕಲ್ಲ ಎಂದು ತಿದ್ದಲು ಹೋಗಿ ಕೆಂಪು ಪೆನ್ನು ಕೆಳಗಿಟ್ಟೆ. ಮಿಯಾಳ ಪುಸ್ತಕದಲ್ಲೂ ಎರಡೂ ಒಟ್ಟಿಗೇ ಇದ್ದವಲ್ಲ.

ಕಿಟಕಿ ಬದಿಯ ಹುಡುಗಿ ಎಂಟು ದಿನ ಏನೂ ಬರೆಯಲಿಲ್ಲ. ಒಂಬತ್ತನೇ ದಿನ ‘2ಎಬಿ’ ಎಂದಷ್ಟೇ ಬರೆದಿದ್ದಳು. ಮಧ್ಯಾಹ್ನ ಊಟದ ನಂತರದ ಇಪ್ಪತ್ತು ನಿಮಿಷ ಜಗಲಿಯ ಮೇಲೆ ಲೆಕ್ಕ ಕೇಳಲು ಯಾರು ಬೇಕಾದರೂ ಬರಬಹುದು ಎಂದು ನಾನು ಮೊದಲೇ ಹೇಳಿದ್ದೆ. ಆರು ಜನ ಬರುತ್ತಿದ್ದರು, ಅವಳು ಏಳನೆಯವಳಾಗಿ ಬಂದಳು. ಹತ್ತನೇ ತರಗತಿಯ ಒಬ್ಬಳನ್ನು ಅವಳ ಪಕ್ಕ ಕೂರಿಸಿದೆ. ನಾನು ಹೇಳಿಕೊಟ್ಟಿದ್ದಕ್ಕಿಂತ ಅವಳು ಹೇಳಿಕೊಟ್ಟದ್ದೇ ಹೆಚ್ಚು ಹಿಡಿಸಿತು ಎಂದು ಕಾಣುತ್ತದೆ. ಗೆಳತಿಯರಿಬ್ಬರು ಮತ್ತೆ ಮಾತಾಡಿದರೋ ಎಂದು ನಾನು ಕೇಳಲಿಲ್ಲ.

ಘಟಕ ಪರೀಕ್ಷೆಯಲ್ಲಿ ಅವಳು ಎರಡು ನಿತ್ಯಸಮೀಕರಣ ಸರಿ ಮಾಡಿದ್ದಳು, ಮೂರನೆಯದರಲ್ಲಿ ಮಧ್ಯದ ಪದ ಮತ್ತೆ ಬಿಟ್ಟಿದ್ದಳು. ನೋಟ್‌ಬುಕ್ ತಿದ್ದಲು ಕೊಟ್ಟಾಗ ಕೊನೆಯ ಹಾಳೆಗಳನ್ನು ಒಟ್ಟು ಸೇರಿಸಿ ಸ್ಟೇಪಲ್ ಹೊಡೆದಿದ್ದಳು. ನನ್ನ ಮಾತನ್ನು ಅವಳು ಪೂರ್ತಿ ನಂಬಿಲ್ಲ, ನಂಬಬೇಕಾಗಿಯೂ ಇಲ್ಲ. ಮುಂದಿನ ಹಾಳೆಗಳನ್ನು ತಿದ್ದಿ ಕೊಟ್ಟೆ.

ಮುಂದಿನ ತಂಡದ ಮಿತ್ರರಿಗೆ

ನಮ್ಮ ಮಾರ್ಗದರ್ಶಕರು ಈ ಪಾಠಕ್ಕೆ ಬರೆದ ಟೀಕೆಯನ್ನು ಮುಚ್ಚಿಡುವುದಿಲ್ಲ: ಪೀಠಿಕೆಗೆ ಐದು ನಿಮಿಷ ಎಂದು ಯೋಜನೆಯಲ್ಲಿ ಬರೆದು ಹನ್ನೊಂದು ನಿಮಿಷ ತೆಗೆದುಕೊಂಡಿದ್ದೇನೆ, ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ. ಒಪ್ಪುತ್ತೇನೆ. ಕಥೆ ಹೇಳುವವರು ರಾಜಕುಮಾರಿಯಾಗುವ ಭಾಗವನ್ನು ಎರಡೇ ವಾಕ್ಯದಲ್ಲಿ ಮುಗಿಸಿ, ಮಕ್ಕಳ ಪ್ರಶ್ನೆಗೆ ಸಮಯ ಇಡಿ. ತಾಯಿ ಮತ್ತು ಶಿಕ್ಷಕರ ಸ್ನೇಹದ ಪ್ರಸಂಗವನ್ನು ನಾನು ತರಗತಿಯಲ್ಲಿ ಹೇಳಲಿಲ್ಲ, ಹೇಳಲೇಬೇಕೆಂದೂ ಅನಿಸಲಿಲ್ಲ. ನೃತ್ಯ ಸಮಾರಂಭ, ಅಂಗರಕ್ಷಕ, ಹೋಟೆಲು ಇವೆಲ್ಲ ನಮ್ಮ ಮಕ್ಕಳಿಗೆ ದೂರದವು. ಊಟಕ್ಕೆ ಎಲ್ಲಿ ಕೂರುವುದು ಎಂಬುದು ದೂರದ್ದಲ್ಲ.

ಚೌಕದ ಹಾಳೆಗಳನ್ನು ಹಿಂದಿನ ದಿನವೇ ಕತ್ತರಿಸಿ ಇಟ್ಟುಕೊಳ್ಳಿ. ತರಗತಿಯಲ್ಲಿ ಕತ್ತರಿ ಹಂಚಲು ಹೋಗಿ ನಾನು ನಾಲ್ಕು ನಿಮಿಷ ಕಳೆದುಕೊಂಡೆ. ಇನ್ನು ವೀಕ್ಷಣೆಗೆ ಕೂರುವವರಲ್ಲಿ ಒಂದು ಕೋರಿಕೆ: ‘ತರಗತಿ ನಿರ್ವಹಣೆ’ ಎಂಬ ಕಾಲಂನಲ್ಲಿ ಗುರುತು ಹಾಕುವ ಮೊದಲು, ಆ ಅವಧಿಯಲ್ಲಿ ತಲೆ ತಗ್ಗಿಸಿ ಕೂತ ಮಗು ಯಾವುದು ಎಂದು ಪಕ್ಕದಲ್ಲಿ ಬರೆಯಿರಿ. ನನ್ನ ಸಹಪಾಠಿ ಈಗ ಹಾಗೆ ಬರೆಯುತ್ತಾಳೆ. ಕಳೆದ ವಾರ ಅವಳ ಪಾಠಕ್ಕೆ ನಾನು ವೀಕ್ಷಕಿ. ಎರಡು ಮಕ್ಕಳ ಬೆಂಚಿನ ಸಂಖ್ಯೆ ಬರೆದುಕೊಟ್ಟೆ.